ದಾಕ್ಷಿಣ್ಯ ಎಷ್ಟು ಮೈಲು ಹರಿಯುತ್ತದೆ?

ನಮ್ಮ ಕಡೆ ಸೈಕಲ್ ಸವಾರಿ ಎಂದರೆ ಅರ್ಧ ದಾರಿ ತುಳಿಯುವುದು, ಉಳಿದರ್ಧ ದಾರಿ ತಳ್ಳುವುದು. ಬೆಳ್ತಂಗಡಿಯಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಹೋದರೂ ಅಷ್ಟೇ, ಬಂಟ್ವಾಳಕ್ಕೆ ಇಳಿದರೂ ಅಷ್ಟೇ. ಒಂದು ಗುಡ್ಡ ಇಳಿದರೆ ಒಂದು ತೋಡು, ತೋಡು ದಾಟಿದರೆ ಇನ್ನೊಂದು ಗುಡ್ಡ. ಎತ್ತರ ಯಾವುದು, ತಗ್ಗು ಯಾವುದು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲಿನ ಮೀನಖಂಡಕ್ಕೇ ಅದು ಗೊತ್ತಿರುತ್ತದೆ.

ಅಂಥ ಊರಿನವನಾದ ನಾನು ಒಂದು ನವೆಂಬರಿನಲ್ಲಿ ಮೂರು ದಿನ ತುಂಗಭದ್ರಾ ಎಡದಂಡೆ ನಾಲೆಯ ಏರಿಯ ಮೇಲೆ ಸೈಕಲ್ ತುಳಿದೆ. ಗಂಗಾವತಿಯಲ್ಲಿ ಕೆಲಸದಲ್ಲಿರುವ ಗೆಳೆಯನೊಬ್ಬ ತನ್ನ ಹಳೆಯ ಸೈಕಲ್ ಕೊಟ್ಟಿದ್ದ. ಕಾರಟಗಿ, ಸಿಂಧನೂರು ದಾಟಿ ರಾಯಚೂರಿನ ಕಡೆ ನಾಲೆ ಮುಗಿಯುವ ತನಕ ಹೋಗಬೇಕೆಂದು ಹೊರಟೆ. ಏರಿಯ ದಾರಿ ಕೆಟ್ಟುಹೋದಲ್ಲಿ ಡಾಂಬರು ರಸ್ತೆಗೆ ಇಳಿಯುವುದು, ಮುಂದೆ ಮತ್ತೆ ಏರಿ ಹತ್ತುವುದು. ಯಾತ್ರೆಯ ಉದ್ದೇಶವೇನೂ ದೊಡ್ಡದಿರಲಿಲ್ಲ. ತಳ್ಳುವ ಅಗತ್ಯವೇ ಇಲ್ಲದ ಒಂದು ದಾರಿಯಲ್ಲಿ ಸೈಕಲ್ ತುಳಿಯುವುದು ಹೇಗಿರುತ್ತದೆ ಎಂದು ನೋಡುವ ಆಸೆ, ಅಷ್ಟೇ.

ಆ ಆಸೆ ಮೊದಲ ದಿನವೇ ತೀರಿತು. ನಾಲೆಯ ದಾರಿಯಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಹಾಗೆಂದು ಕಾಲು ಹೇಳುತ್ತದೆ. ಆದರೆ ಪಕ್ಕದಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಅಂದರೆ ಇಳಿಜಾರು ಇದ್ದೇ ಇದೆ. ದೊಡ್ಡ ನಾಲೆಗಳಿಗೆ ಕಿಲೋಮೀಟರಿಗೆ ಒಂದು ಗೇಣಿಗಿಂತ ಕಡಿಮೆ ಇಳಿತವಿದ್ದರೂ ಸಾಕಾಗುತ್ತದೆ. ಅಷ್ಟು ಇಳಿತ ನೀರಿಗೆ ತಿಳಿಯುತ್ತದೆ, ತುಳಿಯುವವನಿಗೆ ತಿಳಿಯುವುದಿಲ್ಲ. ಇಳಿಜಾರು ತನ್ನ ಪರವಾಗಿದ್ದರೂ, ತಾನು ಸಮತಟ್ಟಾದ ನೆಲದಲ್ಲೇ ಇದ್ದೇನೆ ಎಂದು ಅವನು ನಂಬಿರುತ್ತಾನೆ.

ಈ ನಾಲೆಯ ಕತೆ ಗೊತ್ತಿರುವವರಿಗೆ ಇದು ಬರೀ ಸೈಕಲ್ಲಿನ ಮಾತಲ್ಲ. ಮುನಿರಾಬಾದಿನ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾದಾಗ ರಾಯಚೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬರಗಾಲ ಮತ್ತೆ ಮತ್ತೆ ಕಂಡ ನೆಲ ಅದು. ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ಸಾವಿರ ಮಿಲಿಮೀಟರ್ ಮಳೆಯಾದರೆ ಅಲ್ಲಿ ಅದರ ಐದನೆಯ ಒಂದು ಪಾಲೂ ಬರುವುದಿಲ್ಲ. ಅದಕ್ಕೇ ಸುಮಾರು 227 ಕಿಲೋಮೀಟರ್ ಉದ್ದದ ಈ ನಾಲೆಯನ್ನು ಕಟ್ಟುವಾಗ ಇದ್ದ ಯೋಚನೆ ಸರಳವಾಗಿತ್ತು: ಸ್ವಲ್ಪ ನೀರನ್ನು ಬಹಳ ದೂರದವರೆಗೆ, ಬಹಳ ಜನರಿಗೆ ಹಂಚುವುದು. ಹೆಚ್ಚಿನ ಜಮೀನಿಗೆ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆ, ಒಂದಿಷ್ಟು ಜಾಗಕ್ಕೆ ಮಾತ್ರ ಭತ್ತ. ಯಾರೂ ಶ್ರೀಮಂತರಾಗುವುದಕ್ಕಲ್ಲ, ಯಾರೂ ಉಪವಾಸ ಬೀಳದಿರುವುದಕ್ಕೆ.

ಕಾಗದದ ಮೇಲೆ ಹೀಗಿದ್ದದ್ದು ನೆಲದ ಮೇಲೆ ಬೇರೆಯಾಯಿತು. ನಾಲೆಯ ಮೇಲ್ಭಾಗದಲ್ಲಿ ಸೈಕಲ್ ತುಳಿಯುವಾಗ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಭತ್ತ. ಬೆಳ್ಳಕ್ಕಿ, ಕೆಸರು, ನೀರಿನ ವಾಸನೆ. ಒಂದು ಕ್ಷಣ ಆಟಿ ತಿಂಗಳ ನಮ್ಮೂರಿನ ಬೈಲಿಗೇ ಬಂದಂತಾಯಿತು. ಆದರೆ ಏರಿಯಿಂದ ಬೇರೆ ದಿಕ್ಕಿಗೆ ಎರಡು ಮೂರು ಕಿಲೋಮೀಟರ್ ತುಳಿದರೆ ಸಾಕು, ಕಪ್ಪು ಎರೆ ಭೂಮಿ, ಬಳ್ಳಾರಿ ಜಾಲಿ, ಬಿರುಕು. ಅದು ಮರುಭೂಮಿಯೇನಲ್ಲ. ಆದರೂ ಹಸಿರಲ್ಲೇ ಬೆಳೆದ ಕರಾವಳಿಯ ಕಣ್ಣಿಗೆ ಅದು ಮರುಭೂಮಿಗಿಂತ ಕಡಿಮೆಯೇನೂ ಕಾಣಲಿಲ್ಲ.

ಮೊದಲ ದಿನ ಮಧ್ಯಾಹ್ನ ಒಂದು ಕ್ಯಾಂಪಿನಲ್ಲಿ ನೀರು ಕೇಳಿದೆ. ಮನೆಯ ಯಜಮಾನ ನೀರು ಮಾತ್ರವಲ್ಲ, ಅನ್ನ, ಪಪ್ಪು, ಮಜ್ಜಿಗೆ ಕೊಟ್ಟು, ಹಗ್ಗದ ಮಂಚದ ಮೇಲೆ ಮಲಗಿ ಹೋಗಿ ಎಂದ. ಅವನ ಗದ್ದೆಯ ಅಂಚಿನಲ್ಲಿ ನಾಲೆಗೆ ಇಳಿಬಿಟ್ಟ ಒಂದು ಕಪ್ಪು ಪೈಪು, ಅದರ ಮೇಲೊಂದು ಪಂಪು. ನಾನು ಅದನ್ನು ನೋಡುತ್ತಿದ್ದದ್ದನ್ನು ಅವನು ನೋಡಿದ. ನಾನೇನೂ ಕೇಳಲಿಲ್ಲ. ಅವನಾಗಿಯೇ ಹೇಳಿದ: "ಇಷ್ಟು ದೊಡ್ಡ ಕಾಲುವೆ ಸರ. ನಾನೊಬ್ಬ ಎತ್ತಿದ್ರೆ ಬತ್ತಿ ಹೋಗ್ತದಾ?"

ಹೋಗುವುದಿಲ್ಲ, ಅವನು ಹೇಳಿದ್ದು ಅಕ್ಷರಶಃ ಸರಿ. ಆ ಪೈಪಿನಲ್ಲಿ ಎಷ್ಟು ನೀರು ಹೋದರೂ ಏರಿಯ ಮೇಲೆ ನಿಂತವನಿಗೆ ನೀರಿನ ಮಟ್ಟ ಒಂದು ನೂಲು ಇಳಿದದ್ದೂ ಕಾಣುವುದಿಲ್ಲ.

ಮೂರನೆಯ ದಿನ ಹೊತ್ತಿಗೆ ನಾಲೆ ಇನ್ನೊಂದೇ ಆಗಿತ್ತು. ಪಕ್ಕದಲ್ಲಿ ಹರಿಯುತ್ತಿದ್ದ ನೀರು ಎಲ್ಲಿ ಕಡಿಮೆಯಾಯಿತು ಎಂದು ಹೇಳಲು ನನಗೆ ಸಾಧ್ಯವಿಲ್ಲ. ಒಂದು ಜಾಗದಲ್ಲಿ ಆದದ್ದಲ್ಲ ಅದು. ಕೊನೆಕೊನೆಗೆ ಒಂದು ವಿತರಣಾ ಕಾಲುವೆಯ ಬಾಯಲ್ಲಿ ಹುಲ್ಲು ಬೆಳೆದಿತ್ತು, ತೂಬಿನ ಕಬ್ಬಿಣ ತುಕ್ಕು ಹಿಡಿದಿತ್ತು. ಅಲ್ಲಿ ಬೇವಿನ ಮರದ ಕೆಳಗೆ ಕೂತಿದ್ದ ಹಿರಿಯರೊಬ್ಬರು ಕೇಳಿದರು.

"ಯಾವೂರು ತಮ್ಮಾ?"

"ಬೆಳ್ತಂಗಡಿ. ಧರ್ಮಸ್ಥಳದ ಹತ್ತಿರ."

"ಹೌದೇನು! ನಾನು ಎರಡು ಸಲ ಬಂದೀನಿ. ನೇತ್ರಾವತ್ಯಾಗ ಮುಳುಗಿ ಬಂದೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೂ ನೀರು ಸಮುದ್ರಕ್ಕ ಹೋಗ್ತದಂತಲ್ಲ. ನೀವು ನೋಡ್ಕೊಂತ ಕುಂದರ್ತೀರೇನು?" ಎಂದರು. ಜಗಳದ ದನಿಯಲ್ಲಲ್ಲ. ತಿಳಿಯುವ ಆಸೆಯಿಂದಲೇ ಕೇಳಿದ್ದು.

ನಾನು ಉತ್ತರ ಕೊಡಲಿಲ್ಲ. ಎತ್ತಿನಹೊಳೆ ಯೋಜನೆಯ ವಿರುದ್ಧ ನಮ್ಮ ಜಿಲ್ಲೆಯಲ್ಲಿ ನಡೆದ ಮೆರವಣಿಗೆಗಳಲ್ಲಿ ಘೋಷಣೆ ಕೂಗಿದವನು ನಾನು. ನನ್ನ ಬಳಿ ಉತ್ತರಗಳು ಇದ್ದವು. ಆ ತೂಬಿನ ಪಕ್ಕ ನಿಂತು ಹೇಳುವಂಥವು ಯಾವುದೂ ಇರಲಿಲ್ಲ.

ಆ ಮೌನವನ್ನು ಅರ್ಥ ಮಾಡಿಕೊಳ್ಳಲು ನಾನು ಮನೆಗೆ ಹಿಂದಿರುಗಬೇಕಾಯಿತು. ನಮ್ಮ ತೋಡಿನಲ್ಲಿ ಮಳೆಗಾಲ ಮುಗಿದ ಮೇಲೆ ಕಟ್ಟ ಹಾಕುವ ಕ್ರಮವಿತ್ತು. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಾಕೆ, ಇಷ್ಟರಿಂದ ತೋಡಿಗೆ ಅಡ್ಡಲಾಗಿ ಒಂದು ಗೋಡೆ. ನೀರು ನಿಂತು ಕಣಿಯಲ್ಲಿ ತೋಟಕ್ಕೆ ಹೋಗುತ್ತದೆ, ಬಾವಿಯ ಒರತೆ ಉಳಿಯುತ್ತದೆ. ಇಂಥ ಕಟ್ಟದ ಒಂದು ಗುಣವೆಂದರೆ ಅದು ಪೂರ್ತಿ ನೀರನ್ನು ಹಿಡಿಯುವುದಿಲ್ಲ. ಅದು ಸೋರುತ್ತದೆ, ತುಂಬಿದ ಮೇಲೆ ಮೇಲಿನಿಂದಲೂ ಹರಿಯುತ್ತದೆ. ಹಾಗೆ ಸೋರಿದ್ದು ಕೆಳಗಿನ ತೋಟದವನ ಕಟ್ಟಕ್ಕೆ. ಅವನದ್ದು ಸೋರಿದ್ದು ಅವನ ಕೆಳಗಿನವನಿಗೆ. ಮೇಲಿನವನು ತೀರಾ ಬಿಗಿ ಮಾಡಿ ಕಟ್ಟಿದನೋ, ಕೆಳಗಿನವನು ಮರುದಿನ ಅಂಗಳಕ್ಕೆ ಬಂದು ಬಾಯಾರಿಕೆ ಕುಡಿದು, ಮಗಳ ಮದುವೆಯ ಮಾತಾಡಿ, ಏಳುವಾಗ "ತೋಡಿನಲ್ಲಿ ನೀರೇ ಇಲ್ಲ ಅಲ್ಲವಾ ಈ ಸಲ" ಎನ್ನುತ್ತಾನೆ. ಅಷ್ಟೇ ಸಾಕು. ಸಂಜೆಯೊಳಗೆ ಎರಡು ಹಿಡಿ ಸೊಪ್ಪು ಸಡಿಲವಾಗುತ್ತದೆ.

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ, ದಾಕ್ಷಿಣ್ಯ. ಅದು ಕಾನೂನಲ್ಲ, ಕರುಣೆಯೂ ಅಲ್ಲ. ನಾಳೆ ಈತನ ಮುಖ ನೋಡಬೇಕಲ್ಲ ಎಂಬ ಸಂಕೋಚ. ಹಳ್ಳಿಗಳಲ್ಲಿ ನೀರು, ದಾರಿ, ಗಡಿ ಎಲ್ಲವನ್ನೂ ಬಹುಕಾಲ ಕಾಪಾಡಿದ್ದು ಇದೇ. ಬೇರೆ ದೇಶಗಳಲ್ಲೂ ಇದರ ನೆಂಟರಿದ್ದಾರೆ. ಸ್ಪೇನಿನ ವಲೆನ್ಸಿಯಾದಲ್ಲಿ ಪ್ರತಿ ಗುರುವಾರ ದೊಡ್ಡ ಇಗರ್ಜಿಯ ಬಾಗಿಲಲ್ಲಿ ನೀರಿನ ಪಂಚಾಯಿತಿ ಕೂಡುತ್ತದೆ. ಎಂಟು ನಾಲೆಗಳ ರೈತರು ಆರಿಸಿದ ಎಂಟು ಜನ, ಬಾಯಿಮಾತಿನ ವಿಚಾರಣೆ, ಅಲ್ಲೇ ತೀರ್ಪು. ಅಮೆರಿಕದ ಎಲಿನಾರ್ ಆಸ್ಟ್ರಂ ಇಂಥ ವ್ಯವಸ್ಥೆಗಳನ್ನು ಅಧ್ಯಯನ ಮಾಡಿ 1990ರಲ್ಲಿ ಪುಸ್ತಕ ಬರೆದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಜನ ತಮ್ಮ ನೀರನ್ನು ತಾವೇ ಕಾಯಬಲ್ಲರು, ಆದರೆ ಬಳಸುವವರು ಒಬ್ಬರನ್ನೊಬ್ಬರು ಗಮನಿಸಲು ಸಾಧ್ಯವಿರಬೇಕು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿಗಳಲ್ಲಿ ಒಂದು.

ಅಲ್ಲೇ ನನ್ನ ಪ್ರಶ್ನೆ ಹುಟ್ಟಿದ್ದು. ಒಬ್ಬರನ್ನೊಬ್ಬರು ನೋಡುವುದು ಎಷ್ಟು ದೂರದವರೆಗೆ ಸಾಧ್ಯ? ನನ್ನ ಅಂದಾಜಿನಲ್ಲಿ ಮೂರು ತೋಟ, ಹೆಚ್ಚೆಂದರೆ ನಾಲ್ಕು. ಕ್ಯಾಂಪಿನ ಆ ಯಜಮಾನನಿಗೆ ದಾಕ್ಷಿಣ್ಯ ಇರಲಿಲ್ಲವೇ? ದಾರಿಹೋಕನಿಗೆ ಮಜ್ಜಿಗೆ ಕೊಟ್ಟು ಮಂಚ ಬಿಟ್ಟುಕೊಟ್ಟವನು ಅವನು. ಬೇವಿನ ಮರದ ಕೆಳಗಿನ ಹಿರಿಯರು ಅವನ ಅಂಗಳಕ್ಕೆ ಬಂದು ನೀರು ಕೇಳಿದ್ದರೆ ಖಂಡಿತ ಕೊಡುತ್ತಿದ್ದ. ಅವರು ಬರುವುದಿಲ್ಲ, ಅಷ್ಟೇ. ಅವರ ನಡುವೆ ನೂರಾರು ಊರುಗಳಿವೆ. ಕೆಡುಕು ಅಂದರೆ ಕೆಟ್ಟ ಮನುಷ್ಯ ಮಾಡುವುದು ಎಂದು ನಾವು ತಿಳಿದಿರುತ್ತೇವೆ. ಈ ನಾಲೆಯ ಉದ್ದಕ್ಕೂ ನನಗೆ ಒಬ್ಬನೂ ಕೆಟ್ಟವನು ಸಿಗಲಿಲ್ಲ, ಆದರೂ ಕೊನೆಯಲ್ಲಿ ನೀರಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ಕಾಣದ ಪ್ರತಿಯೊಬ್ಬನ ಬಾಯಾರಿಕೆಗೂ ನಾನು ಹೊಣೆ ಎಂದರೆ ಬದುಕುವುದು ಹೇಗೆ? ಲೋಟ ಎತ್ತಿದಾಗಲೆಲ್ಲ ಕೋಲಾರ, ರಾಯಚೂರು ನೆನಪಾಗುವುದಾದರೆ ಮನುಷ್ಯ ನೀರೇ ಕುಡಿಯಲಾರ. ನಿಜ. ಅಂಥ ಅಪರಾಧ ಪ್ರಜ್ಞೆಯಿಂದ ಯಾರಿಗೂ ಒಂದು ಹನಿಯೂ ಸಿಗುವುದಿಲ್ಲ. ಅದು ಬಹಳ ಸಲ ನಮ್ಮನ್ನು ನಾವೇ ಒಳ್ಳೆಯವರೆಂದು ತೋರಿಸಿಕೊಳ್ಳುವ ಉಪಾಯ ಮಾತ್ರ.

ಆದರೆ ಆ ನಾಲೆಯವರು ಇದಕ್ಕೆ ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿ 69ನೇ ಮೈಲು, 104ನೇ ಮೈಲು ಎಂದು ಜಾಗಗಳಿವೆ. ಆ ಜಾಗಗಳಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂದು ತೋರಿಸುವ ಗೇಜ್ ಇದೆ. "104ರಲ್ಲಿ ಗೇಜ್ ಕಾಪಾಡಿ" ಎಂಬುದು ಕೆಳಭಾಗದ ರೈತರ ಬೇಡಿಕೆ. ಅದಕ್ಕಾಗಿ ರಸ್ತೆ ತಡೆ, ಸಭೆ, ಕೆಲವು ವರ್ಷ ನಾಲೆಯ ಆಸುಪಾಸಿನಲ್ಲಿ ನಿಷೇಧಾಜ್ಞೆ. ಊರಿನಲ್ಲಿ ಕೂತು ಪತ್ರಿಕೆಯಲ್ಲಿ ಓದುವಾಗ ಇದೆಲ್ಲ ಇಂಜಿನಿಯರ್‌ಗಳ ಲೆಕ್ಕಾಚಾರ ಎಂದು ಪುಟ ತಿರುವಿದ್ದೆ. ಏರಿಯ ಮೇಲೆ ಬಂದಾಗ ಬೇರೆಯಾಗಿ ಕಂಡಿತು. ಮೇಲಿನವನ ಅಂಗಳಕ್ಕೆ ಬಂದು ಬಾಯಾರಿಕೆ ಕುಡಿಯಲಾರದ ಮನುಷ್ಯ ತನ್ನ ಬದಲಿಗೆ ಕಳಿಸಿದ ಆಳು ಆ ಅಡಿಗೋಲು. ಮುಖ ಕಾಣದಷ್ಟು ದೂರವಿರುವವರ ಮುಖ ಅಲ್ಲಿ ಒಂದು ಅಂಕಿಯಾಗಿದೆ. ದಾಕ್ಷಿಣ್ಯ ಮುಟ್ಟದ ದೂರಕ್ಕೆ ಅಳತೆ ಮುಟ್ಟಬೇಕು. ಆ ಅಳತೆಗೆ ತಲೆಬಾಗುವುದೇ ಅಪರಿಚಿತರಿಗೆ ನಾವು ತೋರಿಸಬಹುದಾದ ದಾಕ್ಷಿಣ್ಯ.

ಈ ಮಾತನ್ನು ಅಲ್ಲಿಯವರಿಗೆ ಹೇಳುವುದು ಸುಲಭ. ನಮ್ಮ ಕಡೆಗೆ ತಿರುಗಿಸಿಕೊಂಡರೆ ಚುಚ್ಚುತ್ತದೆ. ಬೆಳ್ತಂಗಡಿಯವರು ನೇತ್ರಾವತಿಯ ಮೇಲಿನ ತೋಟದವರು. ಬಂಟ್ವಾಳ ಕೆಳಗಿನ ತೋಟ. ಅದರ ಕೆಳಗೆ ತುಂಬೆಯ ಅಣೆಕಟ್ಟು, ಅಲ್ಲಿಂದ ನೀರು ಕುಡಿಯುವ ಮಂಗಳೂರು, ಆಮೇಲೆ ಅಳಿವೆ. 2019ರ ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಸೊರಗಿತೆಂದರೆ, ಪ್ರವಾಸವನ್ನು ಸ್ವಲ್ಪ ದಿನ ಮುಂದೂಡಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿಗಳು ಭಕ್ತರನ್ನು ಕೇಳಿಕೊಳ್ಳಬೇಕಾಯಿತು. ಮಂಗಳೂರಿಗೆ ಸರದಿಯಲ್ಲಿ ನೀರು ಬಿಟ್ಟರು. ಅದೇ ವರ್ಷ ಆಗಸ್ಟಿನಲ್ಲಿ ಚಾರ್ಮಾಡಿ ಕಡೆಯ ಗುಡ್ಡಗಳು ಕುಸಿದು, ಬೆಳ್ತಂಗಡಿಯ ಹೊಳೆಗಳು ತೋಟಗಳಿಗೆ ನುಗ್ಗಿದವು. ಅಂದರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆಯ ನಾಡಿಗೂ ಮೇ ತಿಂಗಳೆಂಬುದಿದೆ. ಆ ತಿಂಗಳಲ್ಲಿ ನಮ್ಮ ತೋಟಗಳ ಕೊಳವೆಬಾವಿಗಳು ಎಷ್ಟು ಎತ್ತುತ್ತವೆ ಎಂದು ತೋರಿಸುವ ಗೇಜ್ ಎಲ್ಲೂ ಇಲ್ಲ. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪಿಗೆ ಬಿಲ್ಲೂ ಇಲ್ಲ. ತೋಡಿನ ಕಟ್ಟ ಸೋರಿದರೆ ಕೆಳಗಿನವನಿಗೆ ಕಾಣುತ್ತಿತ್ತು. ನೆಲದಡಿಯ ನೀರಿನಲ್ಲಿ ಯಾರು ಮೇಲಿನವನು, ಯಾರು ಕೆಳಗಿನವನು ಎಂಬುದೇ ಕಾಣುವುದಿಲ್ಲ. ಹಾಗೆ ನೋಡಿದರೆ ಕ್ಯಾಂಪಿನವನ ಕಪ್ಪು ಪೈಪು ನನ್ನದಕ್ಕಿಂತ ಪ್ರಾಮಾಣಿಕ. ಅದು ಕಣ್ಣಿಗಾದರೂ ಬೀಳುತ್ತದೆ.

ಹಾಗಾದರೆ ಹಿರಿಯರ ಪ್ರಶ್ನೆಗೆ ಉತ್ತರವೇನು? ಎತ್ತಿನಹೊಳೆ ಗುಂಡ್ಯದ ಕಡೆ ಹರಿದು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡುತ್ತದೆ. ಅದರ ಮತ್ತು ಅಕ್ಕಪಕ್ಕದ ಹಳ್ಳಗಳ 24 ಟಿಎಂಸಿ ನೀರನ್ನು ಘಟ್ಟದ ಮೇಲಕ್ಕೆತ್ತಿ ಪೂರ್ವದ ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರದವರು ಆ ನೀರು ನಮಗೂ ಬೇಕು ಎಂದರು. ನಾವು ನದಿ ನಮ್ಮದು ಎಂದೆವು. ಈಗ ಅನ್ನಿಸುವುದು, ಎರಡೂ ಕಡೆಯವರು ಒಂದೊಂದು ಪದದಲ್ಲಿ ಎಡವಿದರು. ಅವರು ಎಡವಿದ ಪದ "ವ್ಯರ್ಥ". ಸಮುದ್ರ ಸೇರುವ ನೀರು ವ್ಯರ್ಥ ಎನ್ನುವುದು ಮೇಲಿನ ತೂಬಿನವನ ಮಾತು. ತನ್ನ ಆಚೆಗೆ ಯಾರೂ ಇಲ್ಲ ಎಂದುಕೊಂಡವನು ಮಾತ್ರ ಹಾಗೆ ಹೇಳಬಲ್ಲ. ಅಳಿವೆಯಲ್ಲಿ ಮರುವಾಯಿ ಹೆಕ್ಕುವವರಿದ್ದಾರೆ, ಸಿಹಿನೀರು ಕಡಿಮೆಯಾದರೆ ಉಪ್ಪು ನುಗ್ಗುವ ಬಾವಿಗಳಿವೆ, ಮೊಟ್ಟೆಯಿಡಲು ಬರುವ ಮೀನುಗಳಿವೆ. ನಾಲೆಗೆ ರಾಯಚೂರು ಹೇಗೆ ಕೊನೆಯೋ ನದಿಗೆ ಸಮುದ್ರ ಹಾಗೆ.

ನಾವು ಎಡವಿದ ಪದ "ನಮ್ಮದು". ವೇಣೂರಿನ ಗೊಮ್ಮಟನ ಮುಂದೆ ನಿಂತಾಗಲೆಲ್ಲ ಈಗ ಇದು ನೆನಪಾಗುತ್ತದೆ. ಫಲ್ಗುಣಿ ಹೊಳೆಯ ದಂಡೆಯಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ವಿಗ್ರಹ ಅದು. ಬಾಹುಬಲಿಯ ಕತೆಯಲ್ಲಿ ಒಂದು ಜಲಯುದ್ಧವಿದೆ. ಅಣ್ಣ ತಮ್ಮ ನೀರೆರಚಿಕೊಂಡಾಗ ತಮ್ಮ ಗೆಲ್ಲುತ್ತಾನೆ. ಕಾರಣ ಬೇರೇನಲ್ಲ, ಅವನು ಎತ್ತರ. ಅವನೆರಚಿದ್ದು ಅಣ್ಣನ ಮುಖಕ್ಕೆ ಬೀಳುತ್ತದೆ, ಅಣ್ಣನೆರಚಿದ್ದು ಅವನ ಎದೆಯವರೆಗೆ ಮಾತ್ರ. ನೀರಿನ ಜಗಳದಲ್ಲಿ ಎತ್ತರದಲ್ಲಿರುವವನೇ ಗೆಲ್ಲುವುದು ಎಂದು ಕತೆ ಕಟ್ಟಿದವರಿಗೆ ಗೊತ್ತಿತ್ತು. ಕತೆಯ ತೂಕವಿರುವುದು ಆಮೇಲೆ. ಗೆದ್ದದ್ದನ್ನೆಲ್ಲ ಬಿಟ್ಟು ತಪಸ್ಸಿಗೆ ನಿಂತವನಿಗೂ, ಈ ಎರಡು ಪಾದ ಊರಿದ ನೆಲ ಅಣ್ಣನದಲ್ಲವೇ ಎಂಬ ಒಂದು ಅಳುಕು ಉಳಿಯುತ್ತದೆ. ನಿಂತ ನೆಲದ ಬಗ್ಗೆಯೇ ಹಾಗಿದ್ದರೆ, ನಿಲ್ಲದೆ ಹರಿಯುವ ನೀರಿನ ಬಗ್ಗೆ ನಮ್ಮದು ಎಂದು ಕೂಗಿದ ನನ್ನ ಗಂಟಲು ಈಗ ಸ್ವಲ್ಪ ತಡವರಿಸುತ್ತದೆ. ಮೂಡುಬಿದಿರೆಯ ಬಸದಿಗಳು ನೆನಪಿಸುವ ಆ ಧರ್ಮದಲ್ಲೇ ಇನ್ನೊಂದು ಆಚಾರವಿದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಮರಳಿ ಬಿಡಬೇಕು. ಮುಖವೇ ಇಲ್ಲದವುಗಳ ಬಗ್ಗೆಯೂ ಒಂದು ಕ್ರಮ ಬೇಕು ಎಂದು ಯೋಚಿಸಿದವರು ನಮ್ಮ ನೆಲದಲ್ಲೇ ಬಾಳಿದ್ದಾರೆ.

ಇದರಿಂದ ಎತ್ತಿನಹೊಳೆ ಸರಿಯೋ ತಪ್ಪೋ ಎಂಬುದು ತೀರ್ಮಾನವಾಗುವುದಿಲ್ಲ. ಘಟ್ಟದ ಕಾಡು ಕಡಿದದ್ದನ್ನು, ಗುಡ್ಡ ಅಗೆದದ್ದನ್ನು ನಾನು ಇವತ್ತೂ ಒಪ್ಪುವುದಿಲ್ಲ. ಆದರೆ ಹಿರಿಯರಿಗೆ ಕೊಡಬೇಕಾದ ಉತ್ತರ "ಕೊಡುವುದಿಲ್ಲ, ನಮ್ಮದು" ಎಂಬುದಲ್ಲ. "ನಮ್ಮ ಕೊನೆಯಲ್ಲೂ ಜನ ಇದ್ದಾರೆ ಅಜ್ಜ, ಅವರ ಲೆಕ್ಕ ಹಾಕಿ, ನಿಮ್ಮದನ್ನೂ ಹಾಕಿ, ಎರಡನ್ನೂ ಒಂದೇ ಕೋಲಿನಿಂದ ಅಳೆಯೋಣ" ಎನ್ನಬೇಕಿತ್ತು. ಹಾಗೆನ್ನಬೇಕಾದರೆ ನನ್ನ ಕಡೆಯ ಕೋಲು ಮೊದಲು ನೆಟ್ಟಿರಬೇಕು.

ಬಂದ ವಾರ ನಮ್ಮ ಬಾವಿಯ ಮುರಕಲ್ಲಿಗೆ ಬಿಳಿ ಬಣ್ಣದಲ್ಲಿ ಅಡಿ ಅಡಿಗೆ ಗೆರೆ ಎಳೆದೆ. ಪ್ರತಿ ಭಾನುವಾರ ನೀರಿನ ಮಟ್ಟ ಬರೆದಿಡತೊಡಗಿದೆ. ಕೊಳವೆಬಾವಿಯ ಪಂಪ್ ಎಷ್ಟು ಗಂಟೆ ಓಡಿತು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆದೆ. ಮನೆಯಲ್ಲಿ ನಕ್ಕರು. ಮಾರ್ಚಿನಲ್ಲಿ ಒಂದು ದಿನ ಕೆಳಗಿನ ತೋಟದವರು ಕತ್ತಿ ಕೇಳಲು ಬಂದವರು ಬಾವಿಗೆ ಬಗ್ಗಿ ನೋಡಿ, "ಇದೆಂಥ ಗೆರೆ?" ಎಂದರು. ಪುಸ್ತಕ ತಂದು ತೋರಿಸಿದೆ. ಅವರು ಪುಟ ತಿರುವಿ, ಪಂಪಿನ ಗಂಟೆ ಬರೆದಿದ್ದ ಕಡೆ ಬೆರಳಿಟ್ಟು ನಿಂತರು.

"ಹೌದು ಮಾರಾಯ್ರೆ, ಈ ದಿನ ಎಲ್ಲ ನಮ್ಮ ಬಾವಿ ಎರಡು ಮೆಟ್ಟಿಲು ಇಳಿದಿತ್ತು. ಈ ವರ್ಷ ಅಂತ ಅಲ್ಲ, ನೀವು ಬೋರು ತೆಗೆದ ಮೇಲೆ ಪ್ರತಿ ವರ್ಷ ಉಂಟು."

ನಾವು ಬೋರು ತೆಗೆದು ಎಂಟು ವರ್ಷ ಆಗಿತ್ತು. ಅಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವರು ಕತ್ತಿಯ ಬಾಯಿಯನ್ನು ಹೆಬ್ಬೆರಳಿನಿಂದ ನೋಡುತ್ತಾ, "ಹೇಗೆ ಹೇಳುವುದು? ದಾಕ್ಷಿಣ್ಯ," ಎಂದರು.